ಸೂರ್ಯನ ಕಲೆ, ಮದ್ರಾಸಿನ ಮಳೆ

ಅಮೆರಿಕದ ಮೇನ್ ರಾಜ್ಯದಲ್ಲಿ 2000ದಿಂದ 2009ರವರೆಗೆ ವಿಚ್ಛೇದನದ ಪ್ರಮಾಣ ಇಳಿಯುತ್ತ ಬಂತು. ಅದೇ ಹತ್ತು ವರ್ಷಗಳಲ್ಲಿ ಅಮೆರಿಕನ್ನರು ಬೆಣ್ಣೆಯ ಬದಲು ಬ್ರೆಡ್ಡಿಗೆ ಸವರಿಕೊಳ್ಳುವ ಮಾರ್ಗರೀನ್ ತಿನ್ನುವುದೂ ಇಳಿಯುತ್ತ ಬಂತು. ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದರೆ ಗೆರೆಗಳು ಒಂದರ ಮೇಲೊಂದು ಕೂರುತ್ತವೆ, ಸಹಸಂಬಂಧಾಂಕ 0.99. ಈ ಅಂಕ 1ರ ಹತ್ತಿರ ಹೋದಷ್ಟೂ ಎರಡು ಸಂಗತಿಗಳು ಜೊತೆಜೊತೆಯಾಗಿ ಏರಿಳಿಯುತ್ತಿವೆ ಎಂದರ್ಥ. 0 ಬಂದರೆ ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ ಎಂದರ್ಥ. ಟೈಲರ್ ವಿಗೆನ್ ಎಂಬ ಕಾನೂನು ವಿದ್ಯಾರ್ಥಿ 2014ರಲ್ಲಿ ಕಂಪ್ಯೂಟರಿನ ಕೈಯಲ್ಲಿ ಇಂಥ ಜೋಡಿಗಳನ್ನು ರಾಶಿಗಟ್ಟಲೆ ಹುಡುಕಿಸಿ ಜಗತ್ತನ್ನು ನಗಿಸಿದ. ನಟ ನಿಕೋಲಸ್ ಕೇಜ್ ವರ್ಷಕ್ಕೆ ಎಷ್ಟು ಸಿನಿಮಾ ಮಾಡಿದನೋ ಅದಕ್ಕೆ ತಕ್ಕಂತೆ ಈಜುಕೊಳಕ್ಕೆ ಬಿದ್ದು ಸತ್ತವರ ಸಂಖ್ಯೆ ಏರಿಳಿದದ್ದು ಅವುಗಳಲ್ಲಿ ಹೆಸರುವಾಸಿ. ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಇವನ್ನು ತೋರಿಸಿ, ಸಹಸಂಬಂಧ ಇದ್ದ ಮಾತ್ರಕ್ಕೆ ಕಾರಣ ಸಂಬಂಧ ಇರಬೇಕಾಗಿಲ್ಲ ಎಂದು ಹೇಳಿ ಮುಗಿಸುತ್ತಾರೆ. ಪಾಠ ಸರಿಯೇ. ಉದಾಹರಣೆ ಮಾತ್ರ ದಾರಿ ತಪ್ಪಿಸುವಂಥದ್ದು. ಮಾರ್ಗರೀನ್ ಬಿಟ್ಟರೆ ಸಂಸಾರ ಉಳಿಯುತ್ತದೆಂದು ಯಾರೂ ನಂಬಲಿಲ್ಲ, ಆದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ನೋಡಿದೊಡನೆ ನಗು ಬರುವ ಹುಸಿ ನಂಟು ತನ್ನ ಹುಸಿತನವನ್ನು ತಾನೇ ಸಾರಿಬಿಡುತ್ತದೆ. ನಷ್ಟ ಮಾಡುವುದು ಕೇಳಿದೊಡನೆ ‘ಹೌದಲ್ಲ, ಇದು ಹೀಗೇ ಇರಬೇಕು’ ಅನ್ನಿಸುವ ನಂಟು. ಅಂಥದ್ದೊಂದು ನಮ್ಮ ನೆಲದ ಬರಗಾಲದ ಮೇಲೆಯೇ ಕಟ್ಟಿದ್ದು, ಮತ್ತು ಅದನ್ನು ಕಟ್ಟಿದವರು ಆ ಕಾಲದ ಬಹು ಬುದ್ಧಿವಂತರು.

ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದ 1876–78ರ ಮಹಾಕ್ಷಾಮದಲ್ಲಿ ಬ್ರಿಟಿಷ್ ಭಾರತದ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮೈಸೂರು ಸೀಮೆ, ಬಳ್ಳಾರಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳು ಅದರ ನಡುಮಧ್ಯದಲ್ಲಿದ್ದವು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಕ್ಷಾಮ ಇನ್ನೂ ಉರಿಯುತ್ತಿದ್ದ 1877ರಲ್ಲಿ, ಭಾರತ ಸರ್ಕಾರದ ಅಂಕಿಅಂಶಗಳ ಮಹಾನಿರ್ದೇಶಕ ವಿಲಿಯಂ ವಿಲ್ಸನ್ ಹಂಟರ್ ದಕ್ಷಿಣ ಭಾರತದ ಅನಾವೃಷ್ಟಿ ಮತ್ತು ಕ್ಷಾಮಗಳ ಆವರ್ತವನ್ನು ಕುರಿತು ಒಂದು ಪುಸ್ತಿಕೆ ತಂದ. ಗೆಜೆಟಿಯರುಗಳ ಸಂಪಾದಕನೆಂದು ನಮ್ಮ ಚರಿತ್ರೆಯ ವಿದ್ಯಾರ್ಥಿಗಳಿಗೆ ಗೊತ್ತಿರುವ ಹಂಟರ್ ಇವನೇ. ಅದೇ ವರ್ಷದ ನವೆಂಬರಿನಲ್ಲಿ ಖಗೋಳಜ್ಞ ನಾರ್ಮನ್ ಲಾಕ್ಯರ್ ಜೊತೆ ಸೇರಿ ಲಂಡನ್ನಿನ ಪ್ರತಿಷ್ಠಿತ ಮಾಸಪತ್ರಿಕೆಯೊಂದರಲ್ಲಿ ಸೂರ್ಯನ ಕಲೆಗಳು ಮತ್ತು ಕ್ಷಾಮಗಳ ಬಗ್ಗೆ ದೊಡ್ಡ ಲೇಖನ ಬರೆದ. ಲಾಕ್ಯರ್ ಎಂದರೆ ನೇಚರ್ ಪತ್ರಿಕೆಯ ಸ್ಥಾಪಕ ಸಂಪಾದಕ, ಸೂರ್ಯನ ಬೆಳಕಿನಲ್ಲಿ ಹೀಲಿಯಂ ಗುರುತಿಸಿದವರಲ್ಲಿ ಒಬ್ಬ. 1871ರ ಪೂರ್ಣ ಸೂರ್ಯಗ್ರಹಣವನ್ನು ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೇಕಲದಲ್ಲಿ ನಿಂತು ನೋಡಿ ಹೋದವನು. ಇಬ್ಬರ ವಾದ ಸರಳ. ಸೂರ್ಯನ ಮೇಲಿನ ಕಪ್ಪು ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ಮತ್ತೆ ಕಡಿಮೆಯಾಗುತ್ತವೆ. ಮದ್ರಾಸಿನ ಮಳೆಯೂ ಅದೇ ಲಯದಲ್ಲಿ ಹೆಚ್ಚಿ ಕಡಿಮೆಯಾಗುತ್ತದೆ. ಕಲೆಗಳು ತೀರಾ ಕಡಿಮೆಯಾದ ಕಾಲದಲ್ಲಿ ದಕ್ಷಿಣ ಭಾರತಕ್ಕೆ ಕ್ಷಾಮ ಬರುತ್ತದೆ. 1878ಕ್ಕೆ ಕಲೆಗಳು ನಿಜಕ್ಕೂ ತಳ ಮುಟ್ಟಿದವು, ಕ್ಷಾಮವೂ ಕಣ್ಣೆದುರಿಗೇ ಇತ್ತು.

ಹಂಟರ್ ಮಾಡಿದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇವತ್ತಿಗೂ ಹುಸಿ ನಂಟುಗಳು ಹುಟ್ಟುವುದು ಇದೇ ಅಡುಗೆಮನೆಯಲ್ಲಿ. ಅವನ ಕೈಯಲ್ಲಿದ್ದದ್ದು 1813ರಿಂದ 1876ರವರೆಗೆ ಮದ್ರಾಸಿನ 64 ವರ್ಷಗಳ ಮಳೆ. ಅದನ್ನು ಹನ್ನೊಂದು ಹನ್ನೊಂದು ವರ್ಷಗಳ ಸಾಲುಗಳಾಗಿ ಕತ್ತರಿಸಿ, ಒಂದರ ಕೆಳಗೊಂದು ಜೋಡಿಸಿ, ಮೇಲಿನಿಂದ ಕೆಳಕ್ಕೆ ಸರಾಸರಿ ತೆಗೆದ. ಆವರ್ತದ ಇಂಥ ವರ್ಷಗಳಲ್ಲಿ ಸರಾಸರಿ ಮಳೆ ಕಡಿಮೆ, ಇಂಥ ವರ್ಷಗಳಲ್ಲಿ ಹೆಚ್ಚು ಎಂಬ ಒಂದು ಏರಿಳಿತ ಸಿಕ್ಕಿತು. ಸಿಗದೆ ಏನಾದೀತು? 64 ವರ್ಷ ಎಂದರೆ ಆರು ಆವರ್ತಗಳೂ ತುಂಬುವುದಿಲ್ಲ. ಪ್ರತಿ ಸರಾಸರಿಯ ಹಿಂದೆ ಇರುವುದು ಐದಾರು ಸಂಖ್ಯೆಗಳು ಮಾತ್ರ. ಮದ್ರಾಸಿನ ವರ್ಷದ ಮಳೆ ಸಾಮಾನ್ಯವಾಗಿ 50 ಇಂಚಿನ ಆಸುಪಾಸು ಇದ್ದರೂ ಒಮ್ಮೊಮ್ಮೆ 20 ಇಂಚಿಗೂ ಕೆಳಗೆ ಇಳಿಯುತ್ತಿತ್ತು, ಒಮ್ಮೊಮ್ಮೆ 80 ಇಂಚನ್ನೂ ದಾಟುತ್ತಿತ್ತು. 80 ಇಂಚಿನ ಒಂದೇ ಒಂದು ವರ್ಷ ಯಾವ ಕಂಬಸಾಲಿಗೆ ಬಿತ್ತೋ ಆ ಸಾಲಿನ ಸರಾಸರಿ ಐದು ಇಂಚು ಮೇಲೇಳುತ್ತದೆ. ಯಾವ ಲಯವೂ ಇಲ್ಲದ 64 ಸಂಖ್ಯೆಗಳನ್ನು ಚೀಟಿ ಎತ್ತಿ ಜೋಡಿಸಿ ಇದೇ ರೀತಿ ಮಡಚಿ ನೋಡಿದರೂ ಒಂದು ಉಬ್ಬು, ಒಂದು ತಗ್ಗು ಕಾಣಿಸಿಯೇ ಕಾಣಿಸುತ್ತದೆ. 64 ವರ್ಷಗಳ ದಾಖಲೆ ಎಂದು ಕೇಳಿದಾಗ ಬುನಾದಿ ಗಟ್ಟಿಯಾಗಿದೆ ಅನ್ನಿಸುತ್ತದೆ. ಆದರೆ ಪರೀಕ್ಷೆಗೆ ಇಟ್ಟದ್ದು ಆವರ್ತವನ್ನಾದರೆ ಎಣಿಸಬೇಕಾದದ್ದೂ ಆವರ್ತಗಳನ್ನೇ, ಅವು ಐದೂ ಮುಕ್ಕಾಲು. ಇದರ ಮೇಲೆ, ನಮ್ಮವರು ಯಾರಾದರೂ ಕೂಡಲೇ ಎತ್ತಬಹುದಾಗಿದ್ದ ಒಂದು ತಕರಾರಿದೆ. ಮದ್ರಾಸಿನ ಹೆಚ್ಚಿನ ಮಳೆ ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರಿನದು. ಮೈಸೂರಿನ, ದಖ್ಖನಿನ ರೈತ ಮುಖ್ಯವಾಗಿ ನಂಬಿರುವುದು ಮುಂಗಾರನ್ನು. ಮದ್ರಾಸಿನ ಮಳೆಮಾಪಕ ಚಿತ್ರದುರ್ಗದ ಹೊಲದ ಬಗ್ಗೆ ಹೇಳಬಲ್ಲದ್ದು ಬಹಳ ಕಡಿಮೆ.

ಮದ್ರಾಸನ್ನೇ ಏಕೆ ಆರಿಸಿಕೊಂಡರು ಎಂದು ಕೇಳಿದರೆ ಅಲ್ಲಿ ಹಳೆಯ ದಾಖಲೆ ಇತ್ತು ಎಂಬ ಒಪ್ಪತಕ್ಕ ಉತ್ತರವಿದೆ. ಆದರೆ 1870ರ ದಶಕದಲ್ಲಿ ಸೂರ್ಯನ ಕಲೆಗಳಿಗೆ ಜೋಡಿ ಹುಡುಕುತ್ತಿದ್ದವರು ಒಬ್ಬಿಬ್ಬರಾಗಿರಲಿಲ್ಲ. ಮಾರಿಷಸ್ಸಿನಲ್ಲಿ ಚಾರ್ಲ್ಸ್ ಮೆಲ್ಡ್ರಂ ಚಂಡಮಾರುತಗಳನ್ನು ಹೊಂದಿಸುತ್ತಿದ್ದ. ಮದ್ರಾಸ್ ವೀಕ್ಷಣಾಲಯದ ಪಾಗ್ಸನ್ ಧಾನ್ಯದ ಬೆಲೆ ನೋಡುತ್ತಿದ್ದ. ಇನ್ನು ಕೆಲವರಿಗೆ ಹಡಗು ಮುಳುಗಡೆ, ಮತ್ತೆ ಕೆಲವರಿಗೆ ಹಣದ ಮಾರುಕಟ್ಟೆ. ಸುಮ್ಮನೆ ಒಂದು ಲೆಕ್ಕ ಹಾಕೋಣ. ಐದು ಊರುಗಳು, ಮಳೆ, ಬೆಲೆ, ಕ್ಷಾಮ ಎಂಬ ಮೂರು ಅಳತೆಗಳು, ಕಲೆ ಕಡಿಮೆಯಾದ ವರ್ಷವೇ, ಅದರ ಮರುವರ್ಷ, ಅದರ ಆಚೆಯ ವರ್ಷ ಎಂಬ ಮೂರು ಬಗೆಯ ಜೋಡಣೆ, ಕಲೆ ಹೆಚ್ಚಾದಾಗ ಅಥವಾ ಕಡಿಮೆಯಾದಾಗ ಎಂಬ ಎರಡು ಆಯ್ಕೆ. ಗುಣಿಸಿದರೆ 90 ದಾರಿಗಳಾದವು. ಇಪ್ಪತ್ತರಲ್ಲಿ ಒಂದು ಸಲ ಮಾತ್ರ ಆಕಸ್ಮಿಕವಾಗಿ ಬರಬಹುದಾದಷ್ಟು ಬಲವಾದ ಹೊಂದಿಕೆ ಸಿಕ್ಕರೆ ಅದನ್ನು ಗಣನೀಯ ಎನ್ನುವ ರೂಢಿಯಿದೆ. ಆ ರೂಢಿಯ ಪ್ರಕಾರ, ಸೂರ್ಯನಿಗೂ ಭೂಮಿಗೂ ಏನೇನೂ ಸಂಬಂಧವಿಲ್ಲದಿದ್ದರೂ, 90 ದಾರಿಗಳಲ್ಲಿ ನಾಲ್ಕೈದು ‘ಗಣನೀಯ’ವಾಗಿ ಕಾಣುತ್ತವೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ನಮ್ಮ ಗಾದೆಯಲ್ಲಿರುವುದು ಒಂದು ಕಾಗೆ, ಒಂದು ಕೊಂಬೆ. ಇಲ್ಲಿ ಕಾಡಿನ ಅಷ್ಟೂ ಕಾಗೆಗಳನ್ನು, ಅಷ್ಟೂ ಕೊಂಬೆಗಳನ್ನು ಕಾದು ಕೂತು, ಹೊಂದಿದ ಜೋಡಿಯನ್ನು ಮಾತ್ರ ಪತ್ರಿಕೆಗೆ ಕಳಿಸಿದಂತಾಯಿತು. ಯಾರೂ ಸುಳ್ಳು ಹೇಳಿರುವುದಿಲ್ಲ. ಹೊಂದದ ಜೋಡಿಗಳ ಬಗ್ಗೆ ಬರೆಯಲು ಯಾರಿಗೂ ಹುಮ್ಮಸ್ಸಿರುವುದಿಲ್ಲ, ಅಷ್ಟೇ.

ಈ ಹುಮ್ಮಸ್ಸು ಎಲ್ಲಿಯವರೆಗೆ ಎಳೆಯಬಲ್ಲದು ಎಂಬುದಕ್ಕೆ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಸಾಕ್ಷಿ. ಆಧುನಿಕ ಅರ್ಥಶಾಸ್ತ್ರಕ್ಕೆ ಗಣಿತದ ಬೆನ್ನೆಲುಬು ಕೊಟ್ಟವರಲ್ಲಿ ಇವನೂ ಒಬ್ಬ. ಇಂಗ್ಲೆಂಡಿನಲ್ಲಿ ಸುಮಾರು ಹತ್ತು ವರ್ಷಗಳಿಗೊಮ್ಮೆ ವ್ಯಾಪಾರ ಕುಸಿಯುವುದು ಏಕೆಂದು ತಲೆ ಕೆಡಿಸಿಕೊಂಡಿದ್ದ ಅವನು ಉತ್ತರವನ್ನು ಭಾರತದ ಮೂಲಕ ತಂದ: ಸೂರ್ಯನ ಕಲೆ ಬದಲಾದರೆ ಭಾರತದ ಮಳೆ ಬದಲಾಗುತ್ತದೆ, ಬೆಳೆ ಕೈಕೊಟ್ಟರೆ ಇಲ್ಲಿನವರು ಇಂಗ್ಲೆಂಡಿನ ಬಟ್ಟೆ ಕೊಳ್ಳುವುದಿಲ್ಲ, ಆಗ ಅಲ್ಲಿನ ಮಾರುಕಟ್ಟೆ ಬೀಳುತ್ತದೆ. ಕಥೆ ಎಷ್ಟು ಚೆನ್ನಾಗಿದೆ ನೋಡಿ, ಒಂದು ಕೊಂಡಿಯೂ ಅಸಂಬದ್ಧ ಅನ್ನಿಸುವುದಿಲ್ಲ. ತೊಂದರೆ ಇದ್ದದ್ದು ಅಂಕಿಗಳಲ್ಲಿ. ಕಲೆಗಳ ಆವರ್ತ ಹನ್ನೊಂದು ವರ್ಷ ಮೀರುತ್ತದೆಂದು ಖಗೋಳಜ್ಞರು ಹೇಳುತ್ತಿದ್ದರು, ವ್ಯಾಪಾರದ ಕುಸಿತಗಳು ಅದಕ್ಕಿಂತ ಬೇಗ ಬರುತ್ತಿದ್ದವು. ಅಷ್ಟರಲ್ಲಿ, ಹಿಂದೆ ತಿರುವನಂತಪುರದ ವೀಕ್ಷಣಾಲಯ ನಡೆಸಿದ್ದ ಜಾನ್ ಆಲನ್ ಬ್ರೌನ್ ಆವರ್ತ 10.45 ವರ್ಷವೇ ಇರಬೇಕೆಂದು ವಾದಿಸಿದ. ಜೆವನ್ಸ್ ಕುಸಿತಗಳ ಪಟ್ಟಿಯನ್ನು ಹದಿನೆಂಟನೆಯ ಶತಮಾನದ ಆರಂಭದವರೆಗೆ ಹಿಂದಕ್ಕೆ ಒಯ್ದು, ಅಲ್ಲಿ ಮಸುಕಾಗಿ ಕಂಡ ಕುಸಿತಗಳನ್ನೂ ಸೇರಿಸಿಕೊಂಡು ಸರಾಸರಿ ತೆಗೆದಾಗ 10.466 ಬಂತು. 1878ರ ನವೆಂಬರಿನಲ್ಲಿ ಅವನು ಇದನ್ನು ಲಾಕ್ಯರನ ನೇಚರ್‌ನಲ್ಲೇ ಪ್ರಕಟಿಸಿದ. ದಶಮಾಂಶದ ಮೊದಲ ಸ್ಥಾನದವರೆಗೆ ಹೊಂದಿಕೆ! ಈಗ ನಾವು ಒಪ್ಪಿರುವ ಸರಾಸರಿ ಮತ್ತೆ ಹನ್ನೊಂದು ವರ್ಷಗಳೇ. ಒಂದು ಕಡೆ ಕುಸಿತಗಳ ಪಟ್ಟಿ ಹಿಗ್ಗಿತು, ಇನ್ನೊಂದು ಕಡೆ ಆವರ್ತ ಕುಗ್ಗಿತು, ನಡುವೆ ಎಲ್ಲೋ ಎರಡೂ ಕೈಕುಲುಕಿದವು. ಎರಡು ತುದಿಗಳನ್ನೂ ಜರುಗಿಸುವ ಸ್ವಾತಂತ್ರ್ಯ ಇದ್ದವನಿಗೆ ಹೊಂದಿಕೆ ಸಿಗದಿರುವುದೇ ಆಶ್ಚರ್ಯ.

ಆ ಕಾಲಕ್ಕೇ ಇದನ್ನು ಕಂಡು ಹುಬ್ಬೇರಿಸಿದವರು ಇರಲಿಲ್ಲವೆಂದಲ್ಲ. ಜನರಲ್ ರಿಚರ್ಡ್ ಸ್ಟ್ರೇಚಿ 1877ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮದ್ರಾಸಿನ ಮಳೆಯ ಈ ಹೊಂದಿಕೆಯನ್ನು ಪ್ರಶ್ನಿಸಿ, ಏರುಪೇರಾಗುವ ಸಂಖ್ಯೆಗಳಲ್ಲಿ ಆವರ್ತ ಇದೆಯೆಂದು ಹೇಳಲು ನಿಜವಾದ ಒರೆಗಲ್ಲು ಯಾವುದು ಎಂದು ಕೇಳಿದ. ಆದರೆ ಒಳ್ಳೆಯ ಕಥೆ ಒಂದು ಏಟಿಗೆ ಸಾಯುವುದಿಲ್ಲ. ಉತ್ತರ ಭಾರತದ ಚಳಿಗಾಲದ ಮಳೆಯನ್ನು ನೋಡಿದವರಿಗೆ ತಿರುಗಾಮುರುಗಾ ಫಲ ಬಂತು, ಕಲೆ ಕಡಿಮೆಯಾದಾಗ ಅಲ್ಲಿ ಮಳೆ ಹೆಚ್ಚು. ಅದನ್ನೂ ಸೂರ್ಯನ ಪ್ರಭಾವಕ್ಕೆ ಪುರಾವೆ ಎಂದೇ ಎಣಿಸಲಾಯಿತು. ಮುಂದೆ 1896–97ರಲ್ಲಿ ಒಂದು, 1899–1900ರಲ್ಲಿ ಇನ್ನೊಂದು ಮಹಾಕ್ಷಾಮ ಬಂದು, ಹನ್ನೊಂದು ವರ್ಷಕ್ಕೊಂದು ಎಂಬ ನಿಯಮ ಒಂದೇ ಆವರ್ತದೊಳಗೆ ಎರಡು ಸಲ ಮುರಿಯಿತು. ಆಗ ಲಾಕ್ಯರ್ ತನ್ನ ಮಗನೊಡನೆ ಹೊಸ ಪ್ರಬಂಧ ಬರೆದ: ಕಲೆ ಹೆಚ್ಚಾದಾಗಲೂ ಮಳೆ, ಕಡಿಮೆಯಾದಾಗಲೂ ಮಳೆ, ಕ್ಷಾಮ ಬರುವುದು ಇವೆರಡರ ನಡುವಿನ ಬಿಡುವಿನಲ್ಲಿ. 1877ರಲ್ಲಿ ಕಲೆಗಳ ತಳದಲ್ಲಿದ್ದ ಕ್ಷಾಮ 1900ಕ್ಕೆ ನಡುವಿಗೆ ಸರಿದಿತ್ತು, ಸಿದ್ಧಾಂತದ ಹೆಸರು ಮಾತ್ರ ಅದೇ. ಆಮೇಲಿನ ನೂರು ವರ್ಷಗಳ ಬರಗಳನ್ನು ಇಟ್ಟು ನೋಡಿ. 1918ರ ಭೀಕರ ಅನಾವೃಷ್ಟಿ ಕಲೆಗಳು ಶಿಖರ ಮುಟ್ಟಿದ ಮರುವರ್ಷ ಬಂತು. 1972ರದ್ದು ಶಿಖರಕ್ಕೂ ತಳಕ್ಕೂ ನಡುವೆ. 1987ರದ್ದು ತಳದ ಹತ್ತಿರ. 2002ರದ್ದು ಮತ್ತೆ ಶಿಖರದ ಬಳಿ. 2009ರದ್ದು ತಳದಲ್ಲಿ. ಎಲ್ಲ ಕಡೆಯೂ ಬರುವ ಬರಕ್ಕೆ ಕಲೆಗಳ ಗೊಡವೆಯೇ ಇಲ್ಲ ಎಂದು ಓದುವುದು ಸುಲಭದ ಓದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಗಂಭೀರವಾದದ್ದೇ. ಮಳೆಯ ಯಂತ್ರವನ್ನು ತಿರುಗಿಸುವವನು ಸೂರ್ಯನೇ ಅಲ್ಲವೇ? ಕಡಲ ನೀರು ಆವಿಯಾಗುವುದು, ನೆಲ ಕಾದು ಗಾಳಿ ಎಳೆದುಕೊಳ್ಳುವುದು ಎಲ್ಲ ಅವನಿಂದಲೇ. ಹಾಗಿರುವಾಗ ಸೂರ್ಯನ ಮುಖದಲ್ಲಾದ ಬದಲಾವಣೆಯನ್ನು ಮಾರ್ಗರೀನಿನ ಸಾಲಿಗೆ ಸೇರಿಸುವುದು ನ್ಯಾಯವೇ? ಸೇರಿಸಬೇಕಾಗಿಲ್ಲ, ಆದರೆ ಈ ನಂಟನ್ನು ಅಪಾಯಕಾರಿ ಮಾಡಿದ್ದೂ ಇದೇ ಸಂಭಾವ್ಯತೆ. ಕಲೆ ಹೆಚ್ಚಿದ ಸೂರ್ಯ ಹೆಚ್ಚು ಬಿಸಿಯೋ ಕಡಿಮೆ ಬಿಸಿಯೋ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ, ಎರಡಕ್ಕೂ ಒಪ್ಪುವ ಕಥೆಗಳು ಸಿದ್ಧವಿದ್ದವು. 1978ರಿಂದ ಉಪಗ್ರಹಗಳು ಅಳೆದು ಹೇಳಿರುವ ಪ್ರಕಾರ ಒಂದು ಆವರ್ತದಲ್ಲಿ ಸೂರ್ಯನಿಂದ ಬರುವ ಒಟ್ಟು ಶಕ್ತಿ ವ್ಯತ್ಯಾಸವಾಗುವುದು ಸುಮಾರು ಶೇಕಡಾ 0.1ರಷ್ಟು. ಅದರ ಸಣ್ಣ ಪರಿಣಾಮಗಳು ಎಲ್ಲೋ ಇರಬಹುದು; ಮೈಸೂರಿನ ಎಂಟು ಲಕ್ಷ ಜನರನ್ನು ಕಾಣೆಯಾಗಿಸುವಷ್ಟು ಇರಲಾರವು. 1877ರಲ್ಲಿ ಮುಂಗಾರನ್ನು ಕೆಡಿಸಿದ್ದು ಶಾಂತ ಸಾಗರದ ನೀರು ಅಸಾಧಾರಣವಾಗಿ ಕಾದದ್ದು, ಅಂದರೆ ನಾವೀಗ ಎಲ್ ನಿನೊ ಎನ್ನುವ ವಿದ್ಯಮಾನದ ಒಂದು ದೈತ್ಯ ರೂಪ. ಅದೇ ಸಮಯದಲ್ಲಿ ಉತ್ತರ ಚೀನಾದಲ್ಲೂ ಬ್ರೆಜಿಲಿನ ಈಶಾನ್ಯದಲ್ಲೂ ಜನ ಹಸಿವಿನಿಂದ ಸಾಯುತ್ತಿದ್ದರು. ಉತ್ತರ ಕಡಲಲ್ಲಿತ್ತು, ಎಲ್ಲರ ಕಣ್ಣು ಆಕಾಶದಲ್ಲಿ. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಈ ವರ್ಷದ ಮೇಘಾಧಿಪತಿ ಯಾರು, ಮಳೆ ಎಷ್ಟು ಎಂದು ಓದುವುದನ್ನು ಕೇಳಿ ಮುಗುಳ್ನಗುವ ನಾವು, ದೂರದರ್ಶಕ ಹಿಡಿದವರು ಅದೇ ಕೆಲಸ ಮಾಡಿದಾಗ ವಿಜ್ಞಾನ ಎಂದು ತಲೆಬಾಗಿದ್ದೆವು. ಎರಡಕ್ಕೂ ವ್ಯತ್ಯಾಸವಿದೆ: ಎರಡನೆಯದನ್ನು ಪರೀಕ್ಷಿಸಿ ಬಿಸಾಡಲು ಸಾಧ್ಯವಿತ್ತು. ಬಿಸಾಡಲು ಮೂವತ್ತು ನಲವತ್ತು ವರ್ಷ ಹಿಡಿಯಿತು ಎಂಬುದನ್ನೂ ಹೇಳಬೇಕಷ್ಟೆ.

ಹಂಟರನ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಬರ ಯಾವಾಗ ಬರುತ್ತದೆಂದು ಮೊದಲೇ ತಿಳಿದರೆ ಸಿದ್ಧವಾಗಬಹುದು ಎಂಬುದು ಅವನ ಮಾತಿನ ಒಳಗಿದ್ದ ಆಸೆ. ಆದರೆ ಒಂದು ವಿವರಣೆ ಯಾವ ಪ್ರಶ್ನೆಗಳಿಂದ ನಮ್ಮನ್ನು ಪಾರು ಮಾಡುತ್ತದೆ ಎಂಬುದನ್ನು ನೋಡದೆ ಅದರ ಬೆಲೆ ಕಟ್ಟಲಾಗದು. ಮಳೆ ಹೋದದ್ದು ಬರ. ಅದು ಸಾವಾಗಿ ಬದಲಾಗುವುದಕ್ಕೆ ಇನ್ನಷ್ಟು ಸಂಗತಿಗಳು ಬೇಕು. 1877ರ ಆರಂಭದಲ್ಲಿ ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ 450 ಗ್ರಾಂ ಧಾನ್ಯ ಮತ್ತು ಒಂದಾಣೆ ಸಾಕು ಎಂದು ಗೊತ್ತುಮಾಡಿದ. ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳವಾಡಿದ. ಆ ವರ್ಷಗಳಲ್ಲೂ ಭಾರತದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಲೇ ಇತ್ತು. ಕ್ಷಾಮ ಸೂರ್ಯನ ಮೈಮೇಲೆ ಬರೆದಿದೆ ಎಂದಮೇಲೆ ಕೂಲಿಯ ಪ್ರಮಾಣ, ರಫ್ತು, ಕಂದಾಯ ವಸೂಲಿ ಇವೆಲ್ಲ ಅಡಿಟಿಪ್ಪಣಿಗಳಾಗುತ್ತವೆ. ಮೈಸೂರು ಆಗ ನೇರವಾಗಿ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು. ಉತ್ತರ ಹೇಳಬೇಕಾದವರು ಯಾರೆಂಬುದರಲ್ಲಿ ಗೊಂದಲವಿರಲಿಲ್ಲ. ಅಧಿಕಾರದಲ್ಲಿದ್ದವರಿಗೆ ಹಿತವಾಗುವ ಸಹಸಂಬಂಧಕ್ಕೆ ಪರೀಕ್ಷೆಯ ಬಿಸಿ ಕಡಿಮೆ ತಾಗುತ್ತದೆ ಎಂಬುದು ನನ್ನ ಗುಮಾನಿ. ಇವತ್ತು ಅಪರಾಧ ಏರಿದ್ದಕ್ಕೆ ವಲಸೆ ಬಂದವರನ್ನು, ಮಕ್ಕಳ ಅಂಕ ಇಳಿದದ್ದಕ್ಕೆ ಫೋನನ್ನು ನಕ್ಷೆ ಸಮೇತ ತೋರಿಸಿದಾಗಲೂ ನಕ್ಷೆಗಿಂತ ಮೊದಲು ಗಮನಿಸಬೇಕಾದದ್ದು ಅದರಿಂದ ಯಾರು ನಿರಾಳರಾಗುತ್ತಾರೆ ಎಂಬುದನ್ನು.

ಕಾಲದ ಜೊತೆ ಸಾಗುವ ಅಂಕಿಗಳಲ್ಲಿ ಇನ್ನೊಂದು ಬಗೆಯ ಮೋಸವಿದೆ, ಮೇನ್ ರಾಜ್ಯದ ವಿಚ್ಛೇದನ ಸೇರುವುದು ಆ ಬಗೆಗೆ. ಅದನ್ನು ಮೊದಲು ಬಿಡಿಸಿ ಹೇಳಿದವನು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಅಡ್ನಿ ಯೂಲ್, 1926ರಲ್ಲಿ ಅಚ್ಚಾದ ತನ್ನ ಅಧ್ಯಕ್ಷ ಭಾಷಣದಲ್ಲಿ. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದ ಮದುವೆಗಳ ಪಾಲು ಇಳಿಯುತ್ತ ಬಂದಿತ್ತು, ಸಾವಿನ ಪ್ರಮಾಣವೂ ಇಳಿಯುತ್ತ ಬಂದಿತ್ತು. ಸಹಸಂಬಂಧಾಂಕ 0.95. ಚರ್ಚಿನಲ್ಲಿ ಮದುವೆಯಾಗುವುದು ನಿಂತರೆ ಜನ ಸಾಯುವುದೂ ನಿಲ್ಲುತ್ತದೆಯೇ? ಕಾರಣ ಸರಳ, ಆದರೂ ಮನಸ್ಸಿಗೆ ಒಗ್ಗುವುದು ಕಷ್ಟ. ಈ ವರ್ಷದ ಅಂಕಿ ಹೋದ ವರ್ಷದ ಅಂಕಿಯ ಪಕ್ಕದಲ್ಲೇ ಇರುತ್ತದೆ, ಹೊಸದಾಗಿ ಹುಟ್ಟಿ ಬರುವುದಿಲ್ಲ. ಆದ್ದರಿಂದ 46 ವರ್ಷಗಳ ಅಂಕಿಗಳು 46 ಬೇರೆ ಬೇರೆ ಸಾಕ್ಷಿಗಳಲ್ಲ. ಒಂದೇ ಸಾಕ್ಷಿ 46 ಸಲ ಬಾಯಿಬಿಟ್ಟಂತೆ. ನಿಧಾನವಾಗಿ ಒಂದೇ ದಿಕ್ಕಿಗೆ ಸಾಗುವ ಯಾವ ಎರಡು ಸಂಗತಿಗಳನ್ನು ಹಿಡಿದರೂ ದೊಡ್ಡ ಅಂಕ ಬರುತ್ತದೆ. ಬೆಂಗಳೂರಿನ ವಾಹನಗಳೂ ರಾಜ್ಯದ ಸಾಕ್ಷರತೆಯೂ ಒಟ್ಟಿಗೇ ಏರಿವೆ. ಏರಿದ ಮಟ್ಟವನ್ನು ಬಿಟ್ಟು ವರ್ಷದಿಂದ ವರ್ಷಕ್ಕೆ ಆದ ಬದಲಾವಣೆಯನ್ನು ಮಾತ್ರ ಹೋಲಿಸಿದರೆ, ಅಂದರೆ ವಾಹನ ಜಾಸ್ತಿ ಏರಿದ ವರ್ಷವೇ ಸಾಕ್ಷರತೆಯೂ ಜಾಸ್ತಿ ಏರಿತೇ ಎಂದು ಕೇಳಿದರೆ, ಇಂಥ ಹೆಚ್ಚಿನ ನಂಟುಗಳು ಕಳಚಿ ಬೀಳುತ್ತವೆ. ಯೂಲನ ಎಚ್ಚರಿಕೆಯನ್ನು ಅರ್ಥಶಾಸ್ತ್ರಜ್ಞರು ಐವತ್ತು ವರ್ಷ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1974ರಲ್ಲಿ ಗ್ರೇಂಜರ್ ಮತ್ತು ನ್ಯೂಬೋಲ್ಡ್ ಸಂಬಂಧವೇ ಇಲ್ಲದ ಸಂಖ್ಯಾಸರಣಿಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ಅವುಗಳ ನಡುವೆಯೂ ‘ಗಣನೀಯ’ ಸಂಬಂಧ ಪದೇಪದೇ ಬರುವುದನ್ನು ತೋರಿಸಿದ ಮೇಲೆ ಎಚ್ಚೆತ್ತರು.

ಹಾಗಾದರೆ ಸಹಸಂಬಂಧವನ್ನೇ ಕೈಬಿಡೋಣವೇ, ಕಾರ್ಯಕಾರಣದ ಸರಪಳಿ ಪೂರ್ತಿ ಗೊತ್ತಾಗುವವರೆಗೆ ಏನನ್ನೂ ನಂಬದಿರೋಣವೇ? ಇದು ಎರಡನೆಯ ಆಕ್ಷೇಪ, ಮೊದಲನೆಯದಕ್ಕಿಂತ ಗಟ್ಟಿ. ಸಂಖ್ಯಾಶಾಸ್ತ್ರದ ಮಹಾಗುರು ರೊನಾಲ್ಡ್ ಫಿಷರ್ 1950ರ ದಶಕದಲ್ಲಿ ಈ ಹಾದಿ ಹಿಡಿದು ಎಡವಿದ. ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರಿನ ನಂಟು ಹುಸಿಯಾಗಿರಬಹುದು, ಸೇದುವ ಚಟವನ್ನೂ ರೋಗವನ್ನೂ ತರುವ ಬೇರೊಂದು ಅನುವಂಶೀಯ ಗುಣ ಇದ್ದೀತು ಎಂದ. ತರ್ಕವಾಗಿ ಅದರಲ್ಲಿ ತಪ್ಪಿರಲಿಲ್ಲ. ಡಾಲ್ ಮತ್ತು ಹಿಲ್ ಎಂಬ ಸಂಶೋಧಕರು ಸಾವಿರಾರು ಬ್ರಿಟಿಷ್ ವೈದ್ಯರನ್ನು 1951ರಿಂದ ಹಿಂಬಾಲಿಸುತ್ತ ಹೋದಂತೆ, ಹೆಚ್ಚು ಸೇದಿದವರಿಗೆ ಅಪಾಯ ಹೆಚ್ಚು, ಬಿಟ್ಟವರಿಗೆ ಕಡಿಮೆಯಾಗುತ್ತದೆ ಎಂಬುದು ಹೊಸ ಹೊಸ ಅಂಕಿಗಳಲ್ಲಿ ಮತ್ತೆ ಮತ್ತೆ ಬಂತು, ಫಿಷರನ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಮಳೆಯ ಕಥೆಯಲ್ಲೇ ಇದೆ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್ಜಿನ ಗಣಿತಜ್ಞ, ಹವಾಮಾನದ ಗಂಧ ಇರಲಿಲ್ಲ. ಭಾರತೀಯ ಗುಮಾಸ್ತರ ದೊಡ್ಡ ಪಡೆ ಕೂರಿಸಿಕೊಂಡು ಜಗತ್ತಿನ ಮೂಲೆಮೂಲೆಯ ಒತ್ತಡ, ಮಳೆ, ಉಷ್ಣತೆಗಳ ನಡುವಿನ ಸಹಸಂಬಂಧಾಂಕಗಳನ್ನು ಲೆಕ್ಕ ಹಾಕಿಸಿದ. ಕೇಳಿದರೆ ವಿಗೆನ್ ಮಾಡಿದ ಕೆಲಸದ ಹಾಗೇ ಇದೆ. ವ್ಯತ್ಯಾಸ ಎಲ್ಲಿದೆಯೆಂದರೆ, ಇಷ್ಟೊಂದು ಅಂಕಗಳನ್ನು ತೆಗೆದಾಗ ಅವುಗಳಲ್ಲಿ ಅತಿ ದೊಡ್ಡದು ಬರೀ ಅದೃಷ್ಟದಿಂದಲೇ ಎಷ್ಟು ದೊಡ್ಡದಾಗಬಹುದು ಎಂದು ವಾಕರ್ 1914ರಲ್ಲಿ ಲೆಕ್ಕ ಕಟ್ಟಿ ಪ್ರಕಟಿಸಿದ. ಇಪ್ಪತ್ತು ಅಸಂಬದ್ಧ ಜೋಡಿಗಳನ್ನು ಪರೀಕ್ಷಿಸಿದರೆ ಒಂದಾದರೂ ‘ಗಣನೀಯ’ವಾಗಿ ಕಾಣುವ ಸಾಧ್ಯತೆ ಶೇಕಡಾ 64 ಎಂಬ ಇಂದಿನ ಪಠ್ಯಪುಸ್ತಕದ ಎಚ್ಚರಿಕೆ ಇದರ ಸರಳ ರೂಪ. ಆ ಜರಡಿಯಲ್ಲಿ ಉಳಿದದ್ದು, ಶಾಂತ ಸಾಗರ ಮತ್ತು ಹಿಂದೂ ಮಹಾಸಾಗರಗಳ ವಾಯುಒತ್ತಡ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವ ನಂಟು. ಅದಕ್ಕೆ ಅವನು ಕಾರಣ ಹೇಳಲಾಗಲಿಲ್ಲ. 1924ರಲ್ಲಿ ನಿವೃತ್ತನಾದ; ಅದು ಎಲ್ ನಿನೊ ಜೊತೆ ಹೇಗೆ ಹೆಣೆದುಕೊಂಡಿದೆ ಎಂದು ಹವಾಮಾನ ವಿಜ್ಞಾನಿ ಬ್ಯರ್ಕ್ನೆಸ್ ವಿವರಿಸಿದ್ದು 1969ರಲ್ಲಿ. ಕಾರಣ ಗೊತ್ತಿಲ್ಲದೆಯೂ ವಾಕರನ ನಂಟು ನಿಜವಾಗಿತ್ತು, ಕಾರಣ ‘ಗೊತ್ತಿದ್ದೂ’ ಹಂಟರನದು ಹುಸಿಯಾಗಿತ್ತು. ಕಥೆ ಇರುವುದು ಇಲ್ಲದಿರುವುದು ಒರೆಗಲ್ಲಾಗದು. ಎಷ್ಟು ಹುಡುಕಿ ಇದನ್ನು ಹೆಕ್ಕಿದಿರಿ, ಹೆಕ್ಕಿದ ಮೇಲೆ ಬಂದ ಹೊಸ ವರ್ಷಗಳಲ್ಲಿ ಇದು ನಿಂತಿತೇ ಎಂಬ ಎರಡು ಪ್ರಶ್ನೆಗಳು ಹೆಚ್ಚು ಕೆಲಸಕ್ಕೆ ಬರುತ್ತವೆ.

ವಾಕರ್ ಕೂತಿದ್ದ ಇಲಾಖೆಯೇ ಮುಂದೆ ಈ ಪ್ರಶ್ನೆಗಳನ್ನು ಮರೆತು ಪೆಟ್ಟು ತಿಂದದ್ದು ವಿಪರ್ಯಾಸ. 1988ರಿಂದ ಅದು ಮುಂಗಾರಿನ ಮುನ್ಸೂಚನೆಗೆ ಬಳಸಿದ್ದು 16 ಅಂಶಗಳ ಸೂತ್ರ: ಹಿಮಾಲಯದ ಹಿಮ, ಎಲ್ ನಿನೊ, ದೂರದ ಅರ್ಜೆಂಟೀನಾದ ವಾಯುಒತ್ತಡ ಹೀಗೆ. ಸೂತ್ರ ಕಟ್ಟಲು ಬಳಸಿದ ದಾಖಲೆ ಕೆಲವೇ ದಶಕಗಳದ್ದು, ಅದಕ್ಕೆ ಹೊಂದಿಸಲು 16 ಹಿಡಿಕೆಗಳು. ಹಿಂದಿನ ವರ್ಷಗಳಿಗೆ ಸೂತ್ರ ಚೆನ್ನಾಗಿ ಕೂರದೆ ಇರುವುದೇ ಕಷ್ಟ. ಮುಂದಿನ ವರ್ಷಗಳೂ ಸೂತ್ರಕ್ಕೆ ಒಲಿದಂತೆ ಕಂಡವು. 1988ರಿಂದ 2001ರವರೆಗೆ ಇಡೀ ದೇಶದ ಲೆಕ್ಕದಲ್ಲಿ ಒಂದೂ ಬರದ ವರ್ಷ ಬರಲಿಲ್ಲ, ಮುನ್ಸೂಚನೆ ವರ್ಷವರ್ಷವೂ ಗೆದ್ದಿತು. ಆದರೆ ಆ ಹದಿನಾಲ್ಕು ವರ್ಷಗಳಲ್ಲಿ ಯಾವ ಗಣಿತವೂ ಇಲ್ಲದೆ ಪ್ರತಿ ಮೇ ತಿಂಗಳಲ್ಲಿ ‘ಈ ಸಲ ಬರ ಇಲ್ಲ’ ಎಂದು ಹೇಳುತ್ತ ಕೂತವನೂ ಅಷ್ಟೇ ಗೆದ್ದಿರುತ್ತಿದ್ದ. 2002ರಲ್ಲಿ ಸೂತ್ರ ವಾಡಿಕೆಯ ಶೇಕಡಾ 101 ಮಳೆ ಎಂದಿತು, ಬಂದದ್ದು 81. ಜುಲೈ ತಿಂಗಳಲ್ಲಿ ವಾಡಿಕೆಯ ಸುಮಾರು ಅರ್ಧದಷ್ಟೇ ಮಳೆಯಾಯಿತು. ಮಾರನೆಯ ವರ್ಷ ಇಲಾಖೆ ಸೂತ್ರವನ್ನೇ ಬದಲಾಯಿಸಿ, ಮಳೆಯೊಂದಿಗಿನ ನಂಟು ಸಡಿಲವಾಗಿದ್ದ ಅಂಶಗಳನ್ನು ಕೈಬಿಟ್ಟು, 8 ಮತ್ತು 10 ಅಂಶಗಳ ಹೊಸ ಸೂತ್ರಗಳನ್ನು ತಂದಿತು. 2004ರಲ್ಲಿ ಮತ್ತೆ ವಾಡಿಕೆ ಮಳೆ ಎಂದಿತು, ಮತ್ತೆ ಬರ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 2005ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, 1932ರಿಂದ ಈಚೆಗೆ ಏಳು ದಶಕಗಳಲ್ಲಿ ಇಂಥ ಸೂತ್ರಗಳ ಮುನ್ಸೂಚನೆಯ ಗುಣಮಟ್ಟ ಸುಧಾರಿಸಿಲ್ಲ ಎಂದು ನೇರವಾಗಿ ಬರೆದರು. ಎಲ್ ನಿನೊದ ನಂಟೂ ಕಲ್ಲಿನ ಮೇಲೆ ಕೊರೆದದ್ದಲ್ಲ: 1997ರಲ್ಲಿ ಅದು ಶತಮಾನದ ಅತಿ ಬಲವಾದವುಗಳಲ್ಲಿ ಒಂದಾಗಿದ್ದರೂ ದೇಶದ ಮುಂಗಾರು ವಾಡಿಕೆಯಂತೆಯೇ ಬಂತು.

ಹುಸಿ ನಂಟುಗಳಿಂದಲೂ ಒಳ್ಳೆಯದಾಗುತ್ತದಲ್ಲ ಎನ್ನುವವರಿಗೆ ಕೊಡೈಕನಾಲ್ ಇದೆ. ಕ್ಷಾಮದ ಗುಟ್ಟು ಸೂರ್ಯನಲ್ಲಿದೆ ಎಂಬ ನಂಬಿಕೆಯ ಒತ್ತಾಸೆಯೂ ಸೇರಿ 1899ರಲ್ಲಿ ಅಲ್ಲಿ ಸೌರ ವೀಕ್ಷಣಾಲಯ ಹುಟ್ಟಿತು. ಹತ್ತು ವರ್ಷದಲ್ಲಿ ಖಗೋಳಜ್ಞ ಎವರ್‌ಷೆಡ್ ಅಲ್ಲಿಂದಲೇ ಕಲೆಗಳೊಳಗಿನ ಅನಿಲದ ಹರಿವನ್ನು ಕಂಡುಹಿಡಿದ. ನೂರು ವರ್ಷ ಮೀರಿದ ಅದರ ಸೂರ್ಯನ ಚಿತ್ರಸಂಗ್ರಹ ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ವತ್ತು. ಸೂರ್ಯನ ಬಗ್ಗೆ ಅದು ಬಹಳ ಹೇಳಿಕೊಟ್ಟಿದೆ, ಮಳೆಯ ಬಗ್ಗೆ ಅಲ್ಲ. ಇನ್ನು, ಬಿತ್ತಬೇಕಾದ ರೈತನಿಗೆ ಏನೂ ಇಲ್ಲದ್ದಕ್ಕಿಂತ ಅರೆಬರೆ ಮುನ್ಸೂಚನೆಯಾದರೂ ಇರಲಿ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅದು ಅರೆಬರೆ ಎಂದು ಅವನಿಗೂ ಹೇಳುವುದಾದರೆ. 2002ರಲ್ಲಿ ಅವನ ಕಿವಿಗೆ ಬಿದ್ದದ್ದು 101 ಎಂಬ ಸಂಖ್ಯೆ. ಈಗ ಇಲಾಖೆ ಏಪ್ರಿಲಿನ ಮುನ್ಸೂಚನೆಯಲ್ಲಿ ಸಂಖ್ಯೆಯ ಜೊತೆಗೆ ಶೇಕಡಾ 5 ಹೆಚ್ಚುಕಡಿಮೆಯಾಗಬಹುದು ಎಂದು ಸೇರಿಸುತ್ತದೆ. ಬರದಿಂದ ಅತಿವೃಷ್ಟಿಯವರೆಗೆ ಐದು ವರ್ಗ ಮಾಡಿ ಒಂದೊಂದರ ಸಾಧ್ಯತೆ ಎಷ್ಟೆಂದು ಕೋಷ್ಟಕವನ್ನೂ ಕೊಡುತ್ತದೆ. ಮರುದಿನದ ಪತ್ರಿಕೆಗಳ ತಲೆಬರಹದಲ್ಲಿ, ನಮ್ಮದೂ ಸೇರಿ, ಉಳಿದುಕೊಳ್ಳುವುದು ಆ ಒಂದು ಸಂಖ್ಯೆ ಮಾತ್ರ.